ಬಾಗಿಲ ಮುಂದಿನ ಮ್ಯಾಟ್: ಸಾಲ ತೆಗೆಯುವ ಮೊದಲು ತಿಳಿಯೋಣ



ನವಲಗುಂದ, ಕುಂದಗೋಳ ಕಡೆಯ ಎರಿಮಣ್ಣು ಮಳೆಗಾಲದಾಗ ಚಪ್ಪಲಿಗೆ ಹತ್ತಿದರೆ ಬಿಡುವುದಿಲ್ಲ. ಬ್ಯಾಸಗಿಯಲ್ಲಿ ಅದೇ ಮಣ್ಣು ಧೂಳಾಗಿ ಮನೆಯೊಳಗೆ ಬರುತ್ತದೆ. ಕಸ ಹೊಡೆಯುವಾಗ ಆ ಧೂಳು ಮೇಲೆದ್ದು, ಉಬ್ಬಸ ಇದ್ದವರಿಗೆ, ಸಣ್ಣ ಕೂಸುಗಳಿಗೆ ತ್ರಾಸು ಕೊಡುತ್ತದೆ.

ದೊಡ್ಡ ಕಟ್ಟಡಗಳಲ್ಲೂ ಇದೇ ಚಿಂತೆ. ನೀರು, ಕರೆಂಟು ಉಳಿಸುವ, ಒಳಗಿನ ಗಾಳಿ ಶುದ್ಧವಾಗಿಡುವ ಕಟ್ಟಡಕ್ಕೆ ಹಸಿರು ಕಟ್ಟಡ ಎನ್ನುತ್ತಾರೆ. ಅಂಥ ಕಟ್ಟಡಕ್ಕೆ ಅಂಕ ಹಾಕಿ ಪ್ರಮಾಣಪತ್ರ ಕೊಡುವ ಒಂದು ಪದ್ಧತಿಯ ಹೆಸರು ‘ಲೀಡ್’. ಭಾರತದಲ್ಲಿ ಮೊದಲು ಇದರ ಪ್ಲಾಟಿನಂ ದರ್ಜೆ ಪಡೆದದ್ದು ಹೈದರಾಬಾದಿನ ಸಿಐಐ–ಸೊರಾಬ್ಜಿ ಗೋದ್ರೆಜ್ ಕೇಂದ್ರ, 2003ರಲ್ಲಿ.

2013ರಲ್ಲಿ ಬಂದ ಲೀಡ್ ನಾಲ್ಕನೇ ಆವೃತ್ತಿಯಲ್ಲಿ ಅಂಕ ಸಿಗುವ ಕ್ರಮಗಳೊಳಗೆ ಬಾಗಿಲ ಮ್ಯಾಟೂ ಸೇರಿದೆ. ಅದಕ್ಕೆ ಎರಡು ಮುಖ್ಯ ಷರತ್ತುಗಳಿವೆ:

1. ಜನ ನಡೆದು ಬರುವ ದಿಕ್ಕಿನಲ್ಲಿ ಮ್ಯಾಟು ಕನಿಷ್ಠ 10 ಅಡಿ ಉದ್ದ ಇರಬೇಕು.
2. ಪ್ರತಿ ವಾರ ಅದನ್ನು ಸ್ವಚ್ಛ ಮಾಡಬೇಕು.

ಇಷ್ಟು ಉದ್ದ ಯಾಕ? 10 ಅಡಿ ದಾಟಲು ನಾಲ್ಕೈದು ಹೆಜ್ಜೆ ಬೇಕು. ಆಗ ಎರಡೂ ಕಾಲು ಎರಡೆರಡು ಸಲವಾದರೂ ಮ್ಯಾಟಿನ ಮೇಲೆ ಬೀಳುತ್ತವೆ. ಒರಟಾದ ತೆಂಗಿನ ನಾರು ಮಣ್ಣು ಕೆರೆಯುತ್ತದೆ, ಹತ್ತಿ ಬಟ್ಟೆ ಹಸಿ ಹೀರುತ್ತದೆ. ತುಂಬಿದ ಮ್ಯಾಟನ್ನು ಝಾಡಿಸದಿದ್ದರೆ ಅದೇ ಧೂಳು ಮತ್ತೆ ಒಳಗೆ ಹೋಗುತ್ತದೆ.

ಈಗ ನಮ್ಮ ಮಾತು. ಹಳೇ ಸೀರೆಯಿಂದ ನಾವು ಮಾಡುವ ಎರಡು ಅಡಿಯ ಮ್ಯಾಟು ಮನೆಗೆ ಚಲೋ, ಆದರೆ ಈ ಷರತ್ತಿಗೆ ಸಾಲುವುದಿಲ್ಲ. “ಲೀಡ್ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀವಿ, ಮಷಿನ್ ತಗೋರಿ” ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಲೀಡ್ ಪ್ರಮಾಣಪತ್ರ ಕಟ್ಟಡಕ್ಕೆ ಕೊಡುವುದು, ಮ್ಯಾಟಿಗಲ್ಲ. ಬ್ಯಾಂಕ್ ಸಾಲಕ್ಕೆ ಸಹಿ ಹಾಕುವ ಮೊದಲು ಕೊಳ್ಳುವವರಿಂದ ಅಳತೆ, ದಪ್ಪ, ಸಂಖ್ಯೆ, ದರ ಬರೆಸಿಕೊಳ್ಳಿರಿ.

ಇನ್ನೊಂದು ದಾರಿಯೂ ಉಂಟು. ಮ್ಯಾಟು ಒಮ್ಮೆ ಮಾರಿದರೆ ಮುಗೀತು, ಸ್ವಚ್ಛತೆಯ ಕೆಲಸ ವಾರವಾರವೂ ಇರುತ್ತದೆ. ಹತ್ತಿರದ ಆಸ್ಪತ್ರೆ, ಶಾಲೆ, ಕಚೇರಿಯಲ್ಲಿ ಆ ಕೆಲಸವನ್ನು ಸಂಘದ ಹೆಸರಿನಲ್ಲಿ ಕೇಳಬಹುದು. ಇದಕ್ಕೆ ದೊಡ್ಡ ಸಾಲ ಬೇಡ. ಆದರೆ ಮೂಗಿಗೆ ಬಟ್ಟೆ ಕಟ್ಟದೆ ಮ್ಯಾಟು ಝಾಡಿಸಬೇಡಿರಿ. ಕೂಲಿಯನ್ನೂ ಮೊದಲೇ ಮಾತಾಡಿರಿ.

ಮುಂದಿನ ಸಭೆಯಲ್ಲಿ ಚರ್ಚಿಸೋಣ:

• ನಮ್ಮ ಮನೆಯ ಮ್ಯಾಟು ಝಾಡಿಸಿ ಎಷ್ಟು ದಿನವಾಯಿತು?
• ನಮ್ಮ ಓಣಿಯ ಹತ್ತಿರ ಈ ಕೆಲಸ ಕೊಡಬಲ್ಲ ಕಟ್ಟಡ ಯಾವುವು?
• ಕೇಳಲು ಯಾವ ಇಬ್ಬರು ಹೋಗುತ್ತೀರಿ?