ಪಾಚಿ ಹಿಡಿಯುವ ತಾಮ್ರ: ಮಕ್ಕಳ ಪ್ರಯೋಗ, ರೈತರಿಗೆ ಪಾಠ

ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ನಿಲ್ಲುತ್ತದೆ. ನಿಂತ ನೀರು ಎಲ್ಲಿದ್ದರೂ ದಂಡೆಯಲ್ಲಿ ಹಸಿರು ಪಾಚಿ ಬೆಳೆಯುವುದು ಸಹಜ. ಪಂಪಿನ ಜಾಲರಿಗೆ ಸುತ್ತಿಕೊಳ್ಳುವ ಪಾಚಿಯನ್ನು ನಾವು ಪೀಡೆಯೆಂದೇ ಬಗೆಯುತ್ತೇವೆ. ಆದರೆ ನೀರಿನಲ್ಲಿ ಕರಗಿದ ತಾಮ್ರ, ಸೀಸ, ಕ್ಯಾಡ್ಮಿಯಂ ಮುಂತಾದ ಭಾರ ಲೋಹಗಳನ್ನು ಹಿಡಿದಿಡುವ ಗುಣ ಅದಕ್ಕುಂಟು.

ಇದು ಹೇಗೆ? ನಮ್ಮ ಎರೆಮಣ್ಣು ಪೊಟ್ಯಾಷನ್ನು ಹಿಡಿದಿಡುವುದು ನಿಮಗೆ ಗೊತ್ತು. ಮಣ್ಣಿನ ಕಣಕ್ಕೆ ಋಣ ವಿದ್ಯುದಂಶ, ಪೊಟ್ಯಾಷಿಗೆ ಧನ ವಿದ್ಯುದಂಶ. ಪಾಚಿಯ ಕೋಶಭಿತ್ತಿಯೂ ಹೀಗೆಯೇ ಲೋಹವನ್ನು ಸೆಳೆಯುತ್ತದೆ. ಒಣಗಿ ಸತ್ತ ಪಾಚಿಯೂ ಈ ಕೆಲಸ ಮಾಡಬಲ್ಲದು.

ಪ್ರೌಢಶಾಲೆಯ ಮಕ್ಕಳು ಇದನ್ನು ಶಿಕ್ಷಕರ ಎದುರಿನಲ್ಲಿ ಮಾಡಿ ನೋಡಬಹುದು. ಪಾಚಿಯನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ಒಣಗಿಸಿ ಪುಡಿ ಮಾಡಬೇಕು. 1 ಲೀಟರ್ ಮಳೆನೀರಿಗೆ 1 ಗ್ರಾಂ ಮೈಲುತುತ್ತ ಕರಗಿಸಿ, ಎರಡು ಗಾಜಿನ ಪಾತ್ರೆಗಳಿಗೆ ಸಮನಾಗಿ ಹಂಚಬೇಕು. ಒಂದಕ್ಕೆ 10 ಗ್ರಾಂ ಪಾಚಿ ಪುಡಿ ಹಾಕಿ, ಆಗಾಗ ಕಲಕುತ್ತ ಒಂದು ಗಂಟೆ ಬಿಟ್ಟು, ಎರಡನ್ನೂ ಸೋಸಬೇಕು. ಸೋಸಿದ ನೀರಿಗೆ ಅಮೋನಿಯ ದ್ರಾವಣ ಬೆರೆಸಿದರೆ ತಾಮ್ರವಿದ್ದಲ್ಲಿ ಗಾಢ ನೀಲಿ ಬಣ್ಣ ಬರುತ್ತದೆ. ಪಾಚಿ ಹಾಕಿದ ನೀರಿನ ನೀಲಿ ಎಷ್ಟು ಕಡಿಮೆಯೋ, ಅಷ್ಟು ತಾಮ್ರ ಪಾಚಿಗೆ ಸೇರಿತೆಂದು ತಿಳಿಯಬೇಕು. ಮೈಲುತುತ್ತ ವಿಷ, ಬಾಯಿಗೆ, ಕಣ್ಣಿಗೆ ತಾಗಬಾರದು.

ನೀರು ತಿಳಿಯಾಯಿತೆಂದು ಕುಡಿಯಲಾಗದು. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅದು ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಮಾತು ಮುಖ್ಯ. ಲೋಹ ಕೊಳೆಯುವುದಿಲ್ಲ, ಸುಟ್ಟರೂ ಬೂದಿಯಲ್ಲಿ ಉಳಿಯುತ್ತದೆ. ಪ್ರಯೋಗದ ಪಾಚಿಯನ್ನು ಬಾಟಲಿಯಲ್ಲಿ ಮುಚ್ಚಿ ಶಾಲೆಯ ಪ್ರಯೋಗಾಲಯದಲ್ಲೇ ಇಡಿ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿಯ ನೀರು ಬೈರಮಂಗಲ ಕೆರೆ ಸೇರಿ ಹೊಲಗಳಿಗೆ ಹರಿದಿದೆ. ಅಂತಹ ನೀರಿನ ಪಾಚಿಯನ್ನು ತಿಪ್ಪೆಗೆ ಹಾಕಿದರೆ ಲೋಹ ಗೊಬ್ಬರದೊಡನೆ ಹೊಲಕ್ಕೇ ಮರಳುತ್ತದೆ. ದನಕ್ಕೆ ಹಾಕಿದರೆ ಅದರ ಮೈ ಸೇರುತ್ತದೆ.

ದಾಳಿಂಬೆ, ದ್ರಾಕ್ಷಿ ಬೆಳೆಗಾರರು ನೆನಪಿಡಬೇಕು. ಶೇಕಡಾ 1ರ ಬೋರ್ಡೋ ದ್ರಾವಣದ 100 ಲೀಟರಿನಲ್ಲಿ 1 ಕಿಲೋ ಮೈಲುತುತ್ತ, ಅಂದರೆ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಸಿಂಪರಣಾ ಯಂತ್ರವನ್ನು ಕೆರೆ, ಹಳ್ಳ, ಕಾಲುವೆಗಳಲ್ಲಿ ತೊಳೆಯಬೇಡಿ. ಮೀನಿಗೆ ತಾಮ್ರ ಮಾರಕ. ತೊಳೆದ ನೀರನ್ನು ಅದೇ ತೋಟದ ಗಿಡಗಳಿಗೆ ಸಿಂಪಡಿಸಿ. ಊರಿನ ಕೊಳಚೆ ಅಥವಾ ಬಣ್ಣದ ನೀರು ಸೇರುವ ಹಳ್ಳದಿಂದ ಸೊಪ್ಪು ಬೆಳೆಯುವ ಮೊದಲು ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿರಿ.