ಹೂವಿನ ಲೆಕ್ಕ ಬೇಸಿಗೆಯಲ್ಲೇ

ತಮ್ಮಾ, ಬೀದರಿನ ಗಾಂಧಿ ಗಂಜಿನ ಮನೆಯಲ್ಲಿ ಕ್ಯಾಮೆಲಿಯಾ ಬೆಳೆಸ್ತೀನಿ ಅಂತೀಯಲ್ಲ, ಬೇಡ ಅನ್ನುವುದಿಲ್ಲ. ಆದರೆ ಗಿಡ ತರುವ ಮುಂಚೆ ಅದು ಎಂಥ ನೆಲದ್ದು ಅಂತ ತಿಳಿದುಕೋ. ಗಂಜಿನ ಹೋಟೆಲಿನಲ್ಲಿ ಹೊತ್ತು ಹೊತ್ತಿಗೆ ಕುಡಿಯುತ್ತೀಯಲ್ಲ ಚಹಾ, ಅದರ ಎಲೆ ಇದೇ ಕುಲದ ಗಿಡದ್ದು. ಚಹಾ ಬೆಳೆಯುವುದು ಚಿಕ್ಕಮಗಳೂರು, ನೀಲಗಿರಿ, ಅಸ್ಸಾಂ ಕಡೆ: ಮಳೆ ಜಾಸ್ತಿ, ಮಣ್ಣು ಹುಳಿ, ನೀರು ಬುಡದಲ್ಲಿ ನಿಲ್ಲುವುದಿಲ್ಲ. ಹೂವಿನ ಕ್ಯಾಮೆಲಿಯಾ ಕೇಳುವುದೂ ಅದನ್ನೇ.

ಮಣ್ಣಿನ ವಿಷಯದಲ್ಲಿ ನೀನು ಅದೃಷ್ಟವಂತ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಕೆಂಪು ದಿಬ್ಬದ ಮೇಲೆ. ಭಾಲ್ಕಿ, ಔರಾದ ಕಡೆಯ ಎರೆ ಮಣ್ಣು ಕಡಲೆಗೆ ಬಂಗಾರ, ಈ ಗಿಡಕ್ಕೆ ವಿಷ. ಅದರಲ್ಲಿ ಸುಣ್ಣ ಹೆಚ್ಚು, ನೀರು ಬೇಗ ಬಸಿಯುವುದಿಲ್ಲ. ಅಲ್ಲಿನ ನೆಂಟರಿಗೂ ಹೇಳು, ಕುಂಡಕ್ಕೆ ಹೊಲದ ಮಣ್ಣು ತುಂಬಬೇಡಿ, ಇಲ್ಲಿಂದ ಒಂದು ಚೀಲ ಕೆಂಪು ಮಣ್ಣು ಒಯ್ಯಿರಿ ಅಂತ. ಎರಡು ಪಾಲು ಕೆಂಪು ಮಣ್ಣಿಗೆ ಎರಡು ಪಾಲು ಎಲೆಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರು ಕಲಸು. ಪಿಎಚ್ 5.5ರಿಂದ 6.5ರ ಒಳಗಿರಲಿ. ಒಲೆಯ ಬೂದಿ, ಮೊಟ್ಟೆ ಸಿಪ್ಪೆ ಹತ್ತಿರವೂ ತರಬೇಡ.

ನೀರಿನ ವಿಷಯದಲ್ಲಿ ಮಾತ್ರ ಹುಷಾರು. ಬೋರಿನ ಗಡಸು ನೀರು ಹಾಕುತ್ತಾ ಹೋದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಆಮೇಲೆ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಮಣ್ಣಿಗೆ ಕೆಂಪು ಬಂದಿರುವುದೇ ಕಬ್ಬಿಣದಿಂದ, ಆದರೆ ಸುಣ್ಣ ಸೇರಿದರೆ ಬೇರಿಗೆ ಅದು ದಕ್ಕುವುದಿಲ್ಲ. ಅದಕ್ಕೇ ಮಾಳಿಗೆಯ ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಡು, ಈ ಗಿಡಕ್ಕೆ ಅದನ್ನೇ ಹಾಕು.

ಈಗ ಮುಖ್ಯ ಮಾತು. ಇದು ಚಳಿಗಾಲದ ಹೂ, ಬೀದರಿನ ಚಳಿ ಇಡೀ ರಾಜ್ಯಕ್ಕೇ ಗೊತ್ತು, ಹಾಗಾಗಿ ಅರಳುವ ಕಾಲಕ್ಕೆ ತೊಂದರೆಯಿಲ್ಲ. ಆದರೆ ಮೊಗ್ಗು ಕಟ್ಟುವುದು ಬಿಸಿಲುಗಾಲ, ಮಳೆಗಾಲದಲ್ಲಿ. ಪುಷ್ಯದಲ್ಲಿ ಗಂಜಿಗೆ ಬರುವ ತೊಗರಿಯ ಹಣೆಬರಹ ಮುಂಗಾರಿನಲ್ಲೇ ತೀರ್ಮಾನವಾದ ಹಾಗೆ, ನಿನ್ನ ಹೂವಿನ ಲೆಕ್ಕವೂ ಮೊದಲೇ ಆಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಕಾದ ಮಾಳಿಗೆಯ ಮೇಲೆ ಕುಂಡ ಇಟ್ಟರೆ ಬೇರು ಬೆಂದೇ ಹೋಗುತ್ತದೆ. ಶಿವರಾತ್ರಿ ಕಳೆಯುತ್ತಲೇ ಕೆಳಗಿಳಿಸು, ಇಟ್ಟಿಗೆ ಮೇಲಿಡು, ಒಂಬತ್ತು ಗಂಟೆಯವರೆಗಿನ ಎಳೆ ಬಿಸಿಲು ಸಾಕು. ಗಂಜಿನಲ್ಲಿ ಗೋಣಿ ಚೀಲಕ್ಕೇನು ಬರವೇ? ಎರಡು ಬಿಚ್ಚಿ ಪಡುವಣ ದಿಕ್ಕಿಗೆ ಪರದೆ ಕಟ್ಟು, ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸು.

ಮಳೆಗಾಲದ ಕೊನೆಗೆ ಕೊಂಬೆ ತುದಿ ನೋಡು. ಚೂಪಗೆ ತೆಳ್ಳಗಿರುವುದು ಎಲೆಯ ಮೊಗ್ಗು, ಗುಂಡಗೆ ಉಬ್ಬಿರುವುದು ಹೂವಿನದು. ಒಂದೇ ಕಡೆ ಎರಡು ಮೂರು ಇದ್ದರೆ ದಪ್ಪನೆಯದನ್ನು ಬಿಟ್ಟು ಉಳಿದವನ್ನು ಮೆಲ್ಲಗೆ ತಿರುವಿ ಕಿತ್ತುಬಿಡು. ಜೀವ ಒಪ್ಪುವುದಿಲ್ಲ, ಆದರೂ ಕೀಳು; ಉಳಿದದ್ದು ದೊಡ್ಡದಾಗಿ ಅರಳುತ್ತದೆ. ಆಮೇಲೆ ಕತ್ತರಿ ಮುಟ್ಟಬೇಡ, ಸವರುವುದೇನಿದ್ದರೂ ಹೂ ಮುಗಿದ ಕೂಡಲೇ. ಗೊಬ್ಬರವೂ ಸಾಕು.

ಮೊಗ್ಗು ಇದ್ದಾಗ ಕುಂಡ ಒಂದು ಸಲ ಪೂರ್ತಿ ಒಣಗಿದರೂ ಮೊಗ್ಗು ಉದುರುತ್ತದೆ, ಅದೂ ಎಷ್ಟೋ ದಿನ ಬಿಟ್ಟು. ಆಗ ನೀನು ಚಳಿಯನ್ನು ಬೈಯುತ್ತೀಯ, ಗೊಬ್ಬರ ಸುರಿಯುತ್ತೀಯ. ಮದುವೆಗೆ ಊರಿಗೆ ಹೋದ ಆ ಎರಡು ದಿನ ನೆನಪಿಗೇ ಬರುವುದಿಲ್ಲ. ದಿನಾ ಬೆಳಿಗ್ಗೆ ಮಣ್ಣಿಗೆ ಬೆರಳಿಟ್ಟು ನೋಡುವ ರೂಢಿ ಮಾಡಿಕೋ, ಊರಿಗೆ ಹೋಗುವಾಗ ನೀರಿನ ಕೆಲಸ ಯಾರಿಗಾದರೂ ಒಪ್ಪಿಸು.

ಗಿಡ ತರುವುದಾದರೆ ಬಿಸಿಲು ತಡೆಯುವ ಸಸಾಂಕ್ವಾ ಜಾತಿಯದು ತಾ, ದಸರಾ ಆದ ಮೇಲೆ ತಾ, ಒಂದೇ ತಾ. ಅದನ್ನು ಒಂದು ಬೇಸಿಗೆ ದಾಟಿಸಿ ತೋರಿಸು. ಎರಡನೆಯದರ ದುಡ್ಡು ನಾನು ಕೊಡುತ್ತೇನೆ.