ಬಿದ್ದೋಗೋ ಹಲ್ಲು ತಾನೆ?

ಹಾಲುಹಲ್ಲು ಬಿದ್ದರೆ ನಾವು ಏನು ಮಾಡುತ್ತೇವೆ? ಸಗಣಿಯಲ್ಲಿ ಸುತ್ತಿ ಮನೆಯ ಮೇಲೆ ಎಸೆಯುತ್ತೇವೆ. ಹೊಸ ಹಲ್ಲು ಬರಲಿ ಅಂತೇವೆ. ಬರುತ್ತದೆ, ಸರಿ. ಆದರೆ ಬರಲು ಅದಕ್ಕೆ ಜಾಗ ಬೇಕಲ್ಲ?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಕಥೆ ಕೇಳಿ. ಅವರ ಮಗಳಿಗೆ 7 ವರ್ಷ ಆಗಿದ್ದಾಗ ಕೆಳಗಿನ ದವಡೆಯ ಹಾಲುಹಲ್ಲು ಹುಳುಕಾಯಿತು. ರಾತ್ರಿಯೆಲ್ಲ ಅಳು. ಲವಂಗ ಇಟ್ಟರು, ನಿಲ್ಲಲಿಲ್ಲ. ಕಡೆಗೆ ಕೀಳಿಸಿದರು. "ಬಿದ್ದೋಗೋ ಹಲ್ಲು ತಾನೆ ಟೀಚರಮ್ಮ, ಅದಕ್ಕ್ಯಾಕೆ ಚಿಂತೆ ಅಂತ ಸುಮ್ಮನಾದೆ" ಅಂದರು. ಕಿತ್ತವರೂ ಮುಂದಿನ ಮಾತು ಹೇಳಲಿಲ್ಲ.

ಈಗ ಹುಡುಗಿಗೆ 12. ಅದೇ ಕಡೆ ಹೊಸ ಹಲ್ಲು ನಾಲಿಗೆ ಕಡೆಗೆ ತಿರುಗಿ ಹುಟ್ಟಿದೆ. ನಾಲಿಗೆಗೆ ಚುಚ್ಚುತ್ತದೆ. ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ.

ಯಾಕೆ ಹೀಗಾಯಿತು? ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದರೆ ಏನಾಗುತ್ತದೆ? ಪಕ್ಕದವರು ಸರಿದು ಕೂರುತ್ತಾರೆ. ಹಲ್ಲೂ ಹಾಗೆಯೇ. ಹಾಲುಹಲ್ಲು ಒಟ್ಟು 20. ಸುಮಾರು 6 ವರ್ಷಕ್ಕೆ ಅವುಗಳ ಹಿಂದೆ ದೊಡ್ಡ ದವಡೆ ಹಲ್ಲು ಬರುತ್ತದೆ. ಅದು ಹಾಲುಹಲ್ಲಲ್ಲ, ಬಿದ್ದರೆ ಮತ್ತೆ ಬರುವುದಿಲ್ಲ. ಮುಂದಿನ ಹಲ್ಲು ಕಿತ್ತರೆ ಈ ದೊಡ್ಡ ಹಲ್ಲು ಮುಂದಕ್ಕೆ ವಾಲುತ್ತದೆ. ಜಾಗ ಮುಚ್ಚಿಹೋಗುತ್ತದೆ. ದವಡೆಯ ಹಾಲುಹಲ್ಲು ತಾನಾಗಿ ಬೀಳುವುದು ಸುಮಾರು 9ರಿಂದ 12 ವರ್ಷಕ್ಕೆ. ಅಲ್ಲಿಯವರೆಗೆ ಅದು ಜಾಗ ಕಾಯಬೇಕು.

ಅದೇ ಅಕ್ಕನ ಮಗನಿಗೂ ಈ ವರ್ಷ ಹಲ್ಲುನೋವು ಬಂತು. ಅವನಿಗೂ 7 ವರ್ಷ. ಈ ಸಲ ಹಲ್ಲಿನ ಡಾಕ್ಟರನ್ನು ಅಕ್ಕ ತಾನೇ ಕೇಳಿದರು: "ಕೀಳದೆ ಉಳಿಸೋಕಾಗಲ್ವಾ?" ಹಲ್ಲು ಪೂರಾ ಕೆಟ್ಟಿತ್ತು, ಕೀಳಲೇಬೇಕಾಯಿತು. ಆದರೆ ಡಾಕ್ಟರು ಹಿಂದಿನ ಹಲ್ಲಿಗೆ ಬಳೆಯಂಥ ಪಟ್ಟಿ ಹಾಕಿ, ಖಾಲಿ ಜಾಗಕ್ಕೆ ತಂತಿ ಕೂರಿಸಿದರು. ಸೀಟಿಗೆ ಟವೆಲ್ ಹಾಕಿ ಹಿಡಿದ ಹಾಗೆ! ಹೊಸ ಹಲ್ಲು ಬಂದಾಗ ತಂತಿ ತೆಗೆಯುತ್ತಾರೆ. ನಡುವೆ ಆಗಾಗ ತೋರಿಸಬೇಕು. ಅಂಟುವ ಮಿಠಾಯಿ ತಿನ್ನಬಾರದು.

ಮಗಳಿಗೆ? ಅವಳಿಗೆ ಕ್ಲಿಪ್ಪು ಹಾಕಿ ಹಲ್ಲು ಸರಿಸಬೇಕು. ಬಹಳ ತಿಂಗಳ ಕೆಲಸ, ದುಡ್ಡೂ ಜಾಸ್ತಿ. "ಆವತ್ತೇ ಗೊತ್ತಿದ್ದಿದ್ರೆ" ಅಂತ ಅಕ್ಕ ಕಣ್ಣು ಒರೆಸಿಕೊಂಡರು. ತಪ್ಪು ಅವರದಲ್ಲ. ಹೇಳುವವರು ಹೇಳಲಿಲ್ಲ.

ಇನ್ನು ಕೆಲವನ್ನು ನಾವೇ ಗಮನಿಸಬಹುದು. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಹೊರಗೆ, ಕೆಳಗಿನ ಹಲ್ಲು ಒಳಗೆ ಇರಬೇಕು. ತಿರುಗುಮುರುಗಾಗಿದ್ದರೆ ಬೇಗ ತೋರಿಸಿ. ಮಗು ಸದಾ ಬಾಯಲ್ಲೇ ಉಸಿರಾಡುತ್ತಿದ್ದರೂ ತೋರಿಸಿ. 4 ವರ್ಷ ದಾಟಿದರೂ ಬೆರಳು ಚೀಪುತ್ತಿದ್ದರೆ ಮುಂದಿನ ಹಲ್ಲು ಉಬ್ಬಬಹುದು. ಉಬ್ಬುಹಲ್ಲು ಆಟದಲ್ಲಿ ಬಿದ್ದಾಗ ಬೇಗ ಮುರಿಯುತ್ತದೆ. ಆದರೆ ಬೆರಳಿಗೆ ಬರೆ ಹಾಕುವುದು, ಬೈಯುವುದು ಬೇಡವೇ ಬೇಡ. ಕೈಗೆ ಏನಾದರೂ ಕೆಲಸ ಕೊಡಿ, ಮುದ್ದು ಮಾಡಿ ಬಿಡಿಸಿ.

ಎಲ್ಲದಕ್ಕೂ ಹೆದರಬೇಕಿಲ್ಲ. ಮೇಲಿನ ಎರಡು ಮುಂದಿನ ಹೊಸ ಹಲ್ಲಿನ ನಡುವೆ ಸಂದಿ ಇದೆಯೇ? ಕೋರೆಹಲ್ಲು ಬಂದಾಗ ಎಷ್ಟೋ ಮಕ್ಕಳಲ್ಲಿ ತಾನೇ ಮುಚ್ಚುತ್ತದೆ. ಎಲ್ಲ ಮಕ್ಕಳಿಗೂ ಚಿಕ್ಕ ವಯಸ್ಸಿನಲ್ಲೇ ಕ್ಲಿಪ್ಪು ಬೇಕಿಲ್ಲ. ಹೆಚ್ಚಿನವರಿಗೆ ಹಾಕುವುದು ಹಾಲುಹಲ್ಲು ಬಿದ್ದ ಮೇಲೆಯೇ. ಆದರೂ 7 ವರ್ಷದೊಳಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಯಾವ ದಿನ ಸಿಗುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಾಡಿ, ಬರೆಯಿರಿ

ಇವತ್ತು ಮಗುವನ್ನು ಬೆಳಕಿಗೆ ಕೂರಿಸಿ ಬಾಯಿ ತೆರೆಸಿ. ಹಲ್ಲು ಎಣಿಸಿ ಅಂಕಿಯಲ್ಲಿ ಬರೆಯಿರಿ.

ಮೇಲೆ ........ ಕೆಳಗೆ ........ ಕಪ್ಪಾದವು ........